ಸುನಂದಾ ಸಿಸ್ಟರ್ ಬಲಗೈ

ಕೈಗುಣ ಅನ್ನುವ ಮಾತನ್ನು ಯಾವ ಪುಣ್ಯಾತ್ಮ ಹುಟ್ಟುಹಾಕಿದನೋ, ಅವನು ಎದುರಿಗೆ ಸಿಕ್ಕರೆ ಪಲ್ಲವಿ ಸುಮ್ಮನೆ ಬಿಡುತ್ತಿರಲಿಲ್ಲ. ಸಿಂದಗಿಯ ಆ ಆಸ್ಪತ್ರೆಗೆ ನರ್ಸಾಗಿ ಬಂದು ಎರಡು ತಿಂಗಳಾಗುತ್ತ ಬಂತು, ಇನ್ನೂ ಒಬ್ಬ ರೋಗಿಗೂ ನೆಟ್ಟಗೆ ಸೂಜಿ ಚುಚ್ಚಿದ್ದಿಲ್ಲ. ಬರುತ್ತಿರಲಿಲ್ಲವೆಂದಲ್ಲ. ಕಾಲೇಜಿನಲ್ಲಿ ಹಾಕಿ ಹಾಕಿ ಕೈ ಪಳಗಿತ್ತು. ಆದರೆ ಇಲ್ಲಿ ಅವಳು ಟ್ರೇ ಹಿಡಿದು ಹತ್ತಿರ ಹೋದರೆ ಸಾಕು, ರೋಗಿಗಳು ಚಾದರದೊಳಗೆ ಕೈ ಎಳೆದುಕೊಳ್ಳುತ್ತಿದ್ದರು.

"ನೀ ಬ್ಯಾಡ ತಂಗಿ, ಸುನಂದಾ ಸಿಸ್ಟರ್ ಬರ್ಲಿ. ಅವರ ಕೈಗುಣ ಚಲೋ ಐತಿ."

ಅಲ್ಲ, ಯಾರೂ ಕೈಯನ್ನೇ ಕೊಡದಿದ್ದರೆ ಕೈಗುಣ ಎಲ್ಲಿಂದ ಬರಬೇಕು? ಸಂತೆಯಲ್ಲಿ ಮಾರುತ್ತಾರೆಯೇ?

ಸುನಂದಾ ಸಿಸ್ಟರ್ ಆ ವಾರ್ಡಿನ ಹಳೇ ಹುಲಿ. ಇಂಡಿ, ಮುದ್ದೇಬಿಹಾಳದ ಕಡೆಯಿಂದ ಬಂದವರೂ ಬಾಗಿಲಲ್ಲೇ ಅವರ ಹೆಸರು ಕೇಳುತ್ತಿದ್ದರು. ಕೆಟ್ಟವರಲ್ಲ, ತೊಂದರೆಯೇ ಅದು. ಕೆಟ್ಟವರಾಗಿದ್ದರೆ ಪಲ್ಲವಿ ಒಂದು ಸಲ ಚೆನ್ನಾಗಿ ಜಗಳವಾಡಿ ಹಗುರಾಗುತ್ತಿದ್ದಳು. ಅವಳು ಯಾರನ್ನೋ ಕಾಡಿ ಬೇಡಿ ಒಪ್ಪಿಸಿ, ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ ಸೂಜಿ ಎತ್ತುವಷ್ಟರಲ್ಲಿ ಹಿಂದಿನಿಂದ ಅವರ ಬಲಗೈ ಚಾಚಿಕೊಂಡು ಬರುತ್ತಿತ್ತು. "ಕೊಡಿಲ್ಲಿ." ಅಷ್ಟೇ ಮಾತು. ರೋಗಿಯ ಮುಖ ಅರಳುತ್ತಿತ್ತು, ಪಲ್ಲವಿಯ ಮೈ ಉರಿಯುತ್ತಿತ್ತು.

ಶುಕ್ರವಾರ ಡಾಕ್ಟರು ಅಂದೇಬಿಟ್ಟರು: "ವಾರ್ಡಿನ್ಯಾಗ ನಿನ್ನಿಂದ ಏನೂ ಆಗವಲ್ದು. ಸೋಮವಾರದಿಂದ ಚೀಟಿ ಕೊಡೋ ಕಿಟಕ್ಯಾಗ ಕುಂದ್ರು." ಆ ಕಿಟಕಿಗೆ ಹೋದವರು ವಾರ್ಡಿಗೆ ಮರಳಿದ್ದನ್ನು ಯಾರೂ ಕಂಡಿರಲಿಲ್ಲ. ಅತ್ತ ಊರು ಗೊಳಸಂಗಿಯಲ್ಲಿ ಅಪ್ಪ, ತನ್ನ ಮಗಳು ಸೂಜಿ ಮಾಡಿದರೆ ಗೊತ್ತೇ ಆಗುವುದಿಲ್ಲವೆಂದು ಕಂಡಕಂಡವರಿಗೆಲ್ಲ ಹೇಳುತ್ತ ತಿರುಗುತ್ತಿದ್ದ. ಅವನಿಗೇನು ಹೇಳುವುದು?

ಮರುದಿನ ದೇವರ ಹಿಪ್ಪರಗಿ ಕಡೆಯ ಮದುವೆಯೊಂದರಲ್ಲಿ ಊಟ ಕೆಟ್ಟು, ಅರ್ಧ ದಿಬ್ಬಣ ವಾಂತಿ ಮಾಡಿಕೊಳ್ಳುತ್ತ ವಾರ್ಡಿಗೆ ಬಂತು. ಎಲ್ಲರಿಗೂ ಸಲಾಯಿನ್ ಹಚ್ಚಬೇಕು. ಎಲ್ಲರಿಗೂ ಸುನಂದಾ ಸಿಸ್ಟರೇ ಬೇಕು. ಅವರು ಊಟದ ಡಬ್ಬಿ ತೆರೆಯುವುದು, ಯಾರೋ ಕೂಗುವುದು, ಅವರು ಕೈ ತೊಳೆದು ಏಳುವುದು. ಇದೇ ಆಯಿತು. ಬಾಗಿಲ ಹತ್ತಿರದ ಹಾಸಿಗೆಯ ಹೊನ್ನವ್ವನೆಂಬ ಮುದುಕಿಯಂತೂ ನಾಲಿಗೆ ಒಣಗಿ ಮಾತು ತೊದಲುತ್ತಿದ್ದರೂ ಪಲ್ಲವಿಗೆ ಕೈ ಕೊಡಲಿಲ್ಲ.

"ಅಯ್ಯ, ಹಿಂಗಾದ್ರ ನಿಮ್ಮ ಮೈಯ್ಯಾಗ ನೀರ ಉಳಿಯಂಗಿಲ್ಲಬೇ!"

"ನೀರಿಲ್ಲದಿದ್ರೂ ನಡೀತೈತಿ. ದೊಡ್ಡ ಸಿಸ್ಟರ್‌ನ ಕರಿ."

ಪಲ್ಲವಿ ಹಲ್ಲು ಕಚ್ಚಿಕೊಂಡು ಕರೆಯಲು ಹೋದಳು. ದೊಡ್ಡ ಸಿಸ್ಟರ್ ಮುಚ್ಚಳ ತೆಗೆದ ಡಬ್ಬಿಯ ಪಕ್ಕದಲ್ಲಿ ನೆಲಕ್ಕೆ ಕುಸಿದಿದ್ದರು. ರೊಟ್ಟಿ ಮುರಿದೂ ಇರಲಿಲ್ಲ.

ಹೇಗೋ ಎಬ್ಬಿಸಿ ಹೊನ್ನವ್ವನ ಪಕ್ಕದ ಹಾಸಿಗೆಯಲ್ಲಿ ಮಲಗಿಸಿದಳು. ಬಿಪಿ ಪಾತಾಳಕ್ಕೆ ಇಳಿದಿತ್ತು. ಇನ್ನೊಬ್ಬ ಹಿರಿಯ ನರ್ಸ್ ನಸ್ರೀನ, ಡಾಕ್ಟರ ಜೊತೆ ಆಪರೇಷನ್ ಕೋಣೆಯಲ್ಲಿದ್ದಳು. ಪಲ್ಲವಿ ಬಾಗಿಲು ಬಡಿದು ಹೇಳಿದಾಗ ಒಳಗಿನಿಂದಲೇ ಡಾಕ್ಟರು ಕೂಗಿದರು: "ಲಗೂನ ಸಲಾಯಿನ್ ಹಚ್ಚು!"

ಅವಳು ಸೂಜಿ ತೆಗೆದಳು. ಮಲಗಿದಲ್ಲಿಂದಲೇ ಆ ಬಲಗೈ ಮೇಲೆದ್ದಿತು.

"ಕೊಡಿಲ್ಲಿ, ನಾನೇ ಹಾಕ್ಕೊಂತೇನಿ."

ಪಲ್ಲವಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕೊಡಂಗಿಲ್ರಿ! ಒಂದ್ ಸಲ ಅಲ್ಲ, ನೂರು ಸಲ ಕೇಳ್ರಿ, ಕೊಡಂಗಿಲ್ಲ! ಎಲ್ಲಾರ್ದೂ ಕಸ್ಕೊಂಡು ಕಸ್ಕೊಂಡು ಈಗ ನೋಡ್ರಿ, ಉಣ್ಣಾಕೂ ಆಗದಂಗ ಬಿದ್ದೀರಿ. ಸುಮ್ನ ಮಲಗ್ರಿ!"

ವಾಂತಿ ಮಾಡುತ್ತಿದ್ದವರೂ ಒಂದು ಗಳಿಗೆ ನಿಲ್ಲಿಸಿದರು. ಸುನಂದಾ ಸಿಸ್ಟರಿಗೆ ಹಾಗೆ ಮಾತಾಡಿದವರು ಇರಲಿಲ್ಲ. ಅವರು ಮೆಲ್ಲಗೆ ಎಡಗೈ ಚಾಚಿದರು. "ಆತವ್ವಾ. ಎಡಗೈಗೆ ಹಾಕು. ಬಲಗೈ ನನಗ ಬೇಕು."

"ಅದಕ್ಕ ಬಲಗೈಗೇ ಹಾಕ್ತೇನಿ," ಅಂದಳು ಪಲ್ಲವಿ.

ಎಡಗೈಯಲ್ಲೂ ನರ ಚೆನ್ನಾಗಿಯೇ ಇತ್ತು. ಸುಳ್ಳೇಕೆ ಹೇಳಬೇಕು, ಅವಳಿಗೆ ಬೇಕಾಗಿದ್ದದ್ದು ಆ ಬಲಗೈಯೇ. ಆದರೆ ಸೂಜಿ ಮೊದಲ ಸಲ ತಪ್ಪಿತು. ಸುನಂದಾ ಸಿಸ್ಟರ್ ತುಟಿ ಕಚ್ಚಿದರು, ಕಣ್ಣಂಚಿನಲ್ಲಿ ನೀರು ಬಂತು. ಈಗ ಬೈಯುತ್ತಾರೆ, ಎದ್ದು ಕಸಿದುಕೊಳ್ಳುತ್ತಾರೆ ಎಂದು ಪಲ್ಲವಿ ಕಾದಳು. ಅವರು ಮುಖ ಆಚೆ ತಿರುಗಿಸಿ ಕೈಯನ್ನು ಇನ್ನಷ್ಟು ಮುಂದೆ ಚಾಚಿದರು. ಎರಡನೆಯ ಸಲ ಸೂಜಿ ಸರಿಯಾಗಿ ಕೂತಿತು. ಹನಿ ಇಳಿಯತೊಡಗಿತು.

ಪಲ್ಲವಿಯ ಬೆನ್ನು ಅಡ್ಡ ಇದ್ದುದರಿಂದ ಹೊನ್ನವ್ವನಿಗೆ ಇದ್ಯಾವುದೂ ಕಂಡಿರಲಿಲ್ಲ. ಅವಳು ದಿಂಬಿನಿಂದ ತಲೆಯೆತ್ತಿದಳು.

"ಸಿಸ್ಟರ್, ನನಗ ಯಾರು ಹಚ್ಚಾವ್ರರಿ ಈಗ?"

ರೂಢಿಯಂತೆ ಬಲಗೈ ಏಳಲು ಹೋಯಿತು. ನಳಿಕೆ ಜಗ್ಗಿತು. ಸುನಂದಾ ಸಿಸ್ಟರ್ ಅದನ್ನೊಮ್ಮೆ, ಪಲ್ಲವಿಯನ್ನೊಮ್ಮೆ ನೋಡಿ ಕೈ ಇಳಿಸಿದರು.

"ಈಕೀನೇ ಹಚ್ತಾಳ."

"ನೋವಾತೇನ್ರಿ?"

"ಏನೂ ಇಲ್ಲ. ಇರಿವಿ ಕಡದಷ್ಟೂ ಆಗ್ಲಿಲ್ಲ," ಅಂದರು, ಒದ್ದೆ ಕಣ್ಣನ್ನು ಎಡಗೈಯಿಂದ ಒರೆಸಿಕೊಳ್ಳುತ್ತ. "ಕೈಗುಣ ಚಲೋ ಐತಿ."

ಹೊನ್ನವ್ವ ಚಾದರದಿಂದ ಕೈ ಹೊರಗೆ ತೆಗೆದಳು. ಅವಳನ್ನು ನೋಡಿ ಆಚೆ ಹಾಸಿಗೆಯವರು, ಅವರನ್ನು ನೋಡಿ ಮತ್ತೊಬ್ಬರು. ಪಲ್ಲವಿಗೆ ಅಳಬೇಕೆನಿಸಿತು, ಆದರೆ ಅಳಲು ಪುರುಸೊತ್ತೆಲ್ಲಿತ್ತು? ಸಂಜೆಗೆ ಡಾಕ್ಟರು ಬಂದು ಎಲ್ಲ ಹಾಸಿಗೆಗಳನ್ನೂ ನೋಡಿ ಹೋದರು. ಕಿಟಕಿಯ ಮಾತೆತ್ತಲಿಲ್ಲ.

ಸೋಮವಾರ ಮಧ್ಯಾಹ್ನ ಪಲ್ಲವಿ ಸುನಂದಾ ಸಿಸ್ಟರ್ ಎದುರು ಕೂತು ಡಬ್ಬಿ ತೆರೆದಳು. ರೊಟ್ಟಿ, ಬದನೆಕಾಯಿ ಪಲ್ಯ. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ವಾರ್ಡಿನಿಂದ ಗಂಡಸೊಬ್ಬನ ದನಿ ಕೇಳಿತು.

"ನಸ್ರೀನ ಸಿಸ್ಟರ್, ನೀವು ಬ್ಯಾಡ್ರಿ. ಆ ಸಣ್ಣ ಸಿಸ್ಟರ್‌ನ ಕರೀರಿ. ಅವರ ಕೈಗುಣ ಚಲೋ ಐತಂತ."

"ಇವರ ಕೈಗುಣಕ್ಕಷ್ಟು ಬೆಂಕಿ ಹಚ್ಚ!" ಪಲ್ಲವಿ ರೊಟ್ಟಿ ಕುಕ್ಕಿದಳು. "ಒಂದ್ ತುತ್ತು ಉಣ್ಣಾಕೂ ಬಿಡಂಗಿಲ್ಲೇನ್ರಿ ಈ ಮಂದಿ?"

ಸುನಂದಾ ಸಿಸ್ಟರ್ ನಿಧಾನವಾಗಿ ತಮ್ಮ ತುತ್ತು ಅಗಿದು ನುಂಗಿದರು. ಆಮೇಲೆ, ಸೂಜಿಯ ಕಲೆ ಇನ್ನೂ ನೀಲಿಯಾಗಿದ್ದ ಬಲಗೈಯನ್ನು ಅವಳ ಡಬ್ಬಿಯತ್ತ ಚಾಚಿದರು.

"ಕೊಡಿಲ್ಲಿ. ಮುಚ್ಚಿ ಇಡ್ತೇನಿ, ಬಂದು ಉಣ್ಣು."