ಹೊನೋರಾಳ ಅರ್ಧ ಜಪ

ಜಪಸರಕ್ಕೆ ಇಬ್ಬರು ಬೇಕು. ಸರದ ಒಂದೊಂದು ಮಣಿಗೂ ಒಬ್ಬರು ‘ನಮೋ ಮರಿಯಾ’ ಎಂದು ಎತ್ತಿಕೊಡಬೇಕು, ಇನ್ನೊಬ್ಬರು ‘ಸಂತ ಮರಿಯಾ’ ಎಂದು ಮುಗಿಸಬೇಕು. ಒಬ್ಬರೇ ಎರಡನ್ನೂ ಹೇಳಿಕೊಂಡರೆ ದೇವರೇನೂ ಬೇಡವೆನ್ನುವುದಿಲ್ಲ. ಆದರೆ ಸ್ಲೈಗೋ ಸೀಮೆಯ ಆ ಹಳ್ಳಿಯಲ್ಲಿ ಹುಟ್ಟಿದವರ ಕಿವಿಗೆ ಅದು ಹಿಮ್ಮೇಳವಿಲ್ಲದ ಹಾಡಿನ ಹಾಗೆ ಕೇಳಿಸುತ್ತದೆ.

ಅಟ್ರಾಕ್ಟಾಳ ಮನೆಯಲ್ಲಿ ಎತ್ತಿಕೊಡುವವಳು ಅವಳು, ಮುಗಿಸುವವಳು ಅವಳ ತಾಯಿ. ತಾಯಿ ಹಾಸಿಗೆ ಹಿಡಿದು, ಮಗಳ ಹೆಸರನ್ನೇ ಮರೆತ ಮೇಲೂ ಆ ಉತ್ತರಾರ್ಧ ಮಾತ್ರ ಒಂದಕ್ಷರ ತಪ್ಪಲಿಲ್ಲ. ಹೋದ ಚಳಿಗಾಲದಲ್ಲಿ ತಾಯಿಯನ್ನು ಮಣ್ಣು ಮಾಡಿ ಬಂದ ಸಂಜೆ ಅಟ್ರಾಕ್ಟಾ ಎಂದಿನಂತೆ ಅಡುಗೆಮನೆಯ ಕುರ್ಚಿಗೆ ಮೊಣಕೈ ಊರಿ ಮಂಡಿಯೂರಿದಳು, ತನ್ನ ಅರ್ಧ ಹೇಳಿದಳು, ಕಾದಳು. ಗಡಿಯಾರ ಟಿಕ್ ಎಂದಿತು. ಆ ಸೀಮೆಯಲ್ಲಿ ಸೌದೆಯ ಬದಲು ಉರಿಸುವ ಒಣ ಜೌಗುಮಣ್ಣಿನ ಹೆಂಟೆಯೊಂದು ಒಲೆಯಲ್ಲಿ ಕುಸಿಯಿತು. ಮದುವೆಯಾಗದೆ ಅರವತ್ತರ ಹತ್ತಿರ ಬಂದಿದ್ದ ಹೆಂಗಸಿಗೆ ತಾನು ಒಂಟಿ ಎನ್ನುವುದು ತಿಳಿದದ್ದು ಗೋರಿಯ ಬಳಿಯಲ್ಲಲ್ಲ, ಆ ಬಿಡುವಿನಲ್ಲಿ.

ನಾಟಕ ಹುಟ್ಟಿದ್ದೂ ಅದೇ ಬಿಡುವಿನಿಂದ. ಊರಿನ ನಾಟಕದ ಗುಂಪಿನಲ್ಲಿ ಅವಳು ಚಿಕ್ಕಂದಿನಿಂದ ಪಾತ್ರ ಮಾಡಿದವಳು. ತಾಯಿ ಹೇಳುತ್ತಿದ್ದ ಹೊನೋರಾಳ ಕಥೆಯನ್ನು ಈಗ ಒಬ್ಬಳೇ ಆಡತೊಡಗಿದಳು. ಹೊನೋರಾ ಇದೇ ಊರಿನ ಹುಡುಗಿ. ಆಲೂಗಡ್ಡೆ ಕೊಳೆತು ದೇಶ ಹಸಿದ ಕಾಲದಲ್ಲಿ ಡಬ್ಲಿನ್ನಿನ ದೊಡ್ಡ ಮನೆಯೊಂದಕ್ಕೆ ಕೆಲಸಕ್ಕೆ ಹೋದಳು. ಆ ಮನೆಯವರದು ಬೇರೆ ಪಂಥ, ಅವರ ಸೂರಿನಡಿ ಅವಳ ಜಪ ಯಾರ ಕಿವಿಗೂ ಬೀಳಕೂಡದು. ಅವಳು ಪಾತ್ರೆ ತೊಳೆಯುತ್ತ ತನ್ನ ಅರ್ಧವನ್ನು ಪಿಸುಗುಟ್ಟಿ, ಉಳಿದರ್ಧವನ್ನು ಅದೇ ಹೊತ್ತಿಗೆ ಊರಲ್ಲಿ ತಾಯಿ ಹೇಳುತ್ತಾಳೆಂದು ನಂಬಿ ಕಾಯುತ್ತಿದ್ದಳು. ತಾಯಿ ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದಳು. ಹೊನೋರಾಳಿಗೆ ಯಾರೂ ಹೇಳಲಿಲ್ಲ.

ನಾಟಕದ ಕೊನೆಗೆ ಅಟ್ರಾಕ್ಟಾ ಹತ್ತು ಸಲ ‘ನಮೋ ಮರಿಯಾ’ ಹೇಳಿ, ಹತ್ತು ಸಲವೂ ಸುಮ್ಮನೆ ಕಾಯುತ್ತಾಳೆ. ಅಷ್ಟೇ. ಮನೆಯಲ್ಲಿ ಅವಳನ್ನು ಹಿಂಡುತ್ತಿದ್ದ ಆ ಮೌನವನ್ನು ಇಲ್ಲಿ, ಚರ್ಚಿನ ಸಭಾಂಗಣದಲ್ಲಿ, ಐವತ್ತು ಅರವತ್ತು ಜನ ಉಸಿರು ಹಿಡಿದು ಅವಳೊಡನೆ ಹಂಚಿಕೊಳ್ಳುತ್ತಿದ್ದರು. ಅವಳಿಗೆ ಬೇಕಾದ್ದು ಅದೊಂದೇ. ಅದೂ ಕೈತಪ್ಪುವುದರಲ್ಲಿತ್ತು. ಬರುವ ವಾರದಿಂದ ಆ ಸಭಾಂಗಣ ಬಿಂಗೋ ಆಟಕ್ಕೆ ಹೋಗುತ್ತಿತ್ತು. ಪಟ್ಟಣದ ನಾಟಕೋತ್ಸವದಿಂದ ಫಿಡೆಲ್ಮಾ ಎಂಬಾಕೆ ಇವತ್ತು ನೋಡಲು ಬಂದಿದ್ದಳು. ಅವಳು ಒಪ್ಪಿದರೆ ನಾಟಕ ಉತ್ಸವಕ್ಕೆ ಹೋಗುತ್ತದೆ, ಅಲ್ಲಿಂದ ಊರೂರು ತಿರುಗುತ್ತದೆ, ಒಪ್ಪದಿದ್ದರೆ ಇದೇ ಕೊನೆ.

“ನಿನ್ನ ಹೊನೋರಾ ನೂರೈವತ್ತು ವರ್ಷದಿಂದ ಅದೇ ಪಾತ್ರೆ ಉಜ್ತಾ ಇದಾಳೆ, ಇನ್ನೂ ಹೊಳಪು ಬರ್ಲಿಲ್ವಲ್ಲೇ!” ಎಂದ ದೀಪ ನೋಡಿಕೊಳ್ಳುವ ಜಾರ್ಲಥ್, ಆಟಕ್ಕೆ ಮುನ್ನ ಅವಳು ಪಾತ್ರೆಯನ್ನು ಒರೆಸುತ್ತಲೇ ಇರುವುದನ್ನು ಕಂಡು.

“ನಿನ್ನ ದೀಪದಲ್ಲಿ ಏನು ತಾನೆ ಹೊಳೆಯತ್ತೋ? ಹೋಗಿ ಸ್ವಿಚ್ ಹತ್ರ ನಿಂತ್ಕೋ,” ಎಂದಳು ಅಟ್ರಾಕ್ಟಾ.

ಆಟ ಚೆನ್ನಾಗಿಯೇ ನಡೆಯಿತು. ಕೊನೆಯ ಭಾಗ ಬಂತು. ಮೊದಲ ‘ನಮೋ ಮರಿಯಾ’ಕ್ಕೆ ಮೌನ. ಎರಡನೆಯದನ್ನು ಹೇಳಿ ಕಾಯುತ್ತಿದ್ದಾಗ ಹಿಂದಿನ ಸಾಲಿನಿಂದ ಒಂದು ದಪ್ಪ ದನಿ ಎದ್ದಿತು.

“ಸಂತ ಮರಿಯಾ, ದೇವರ ತಾಯಿಯೇ...”

ಆ ಸೀಮೆಯವರು ಹೇಳುವಂತೆಯೇ ಅವಸರವಾಗಿ, ಕೊನೆಯ ಮಾತುಗಳನ್ನು ನುಂಗಿ ಅದು ಮುಗಿಯಿತು. ತಲೆಗಳು ತಿರುಗಿದವು. ಯಾರೋ ಕಿಸಕ್ಕೆಂದರು. ಎರಡು ಹೊಲದಾಚೆಯ ರೈತ ಮ್ಯಾಲಕಿ, ಎಂಬತ್ತರ ಮುದುಕ, ಎದ್ದು ಹಿಂದಕ್ಕೆ ತಿರುಗಿ, ತನ್ನ ಕುರ್ಚಿಗೇ ಮೊಣಕೈ ಊರಿ, ಟೋಪಿ ಕೈಯಲ್ಲಿ ಹಿಡಿದು ಮಂಡಿಯೂರಿದ್ದ. ರಂಗಕ್ಕೆ ಅವನ ಬೆನ್ನು. ಅವನ ಹೆಂಡತಿ ರೋಸ್ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ.

ಅಟ್ರಾಕ್ಟಾ ಪಾತ್ರೆಯನ್ನು ಬಿಗಿಯಾಗಿ ಹಿಡಿದಳು. ನಾಟಕ ಕೆಟ್ಟಿತು ಎಂದುಕೊಂಡಳು. ಆದರೂ ನಾಲಿಗೆ ತಾನಾಗಿ ಮೂರನೆಯದನ್ನು ಎತ್ತಿಕೊಟ್ಟಿತು. ಅವನು ಮುಗಿಸಿದ. ನಾಲ್ಕನೆಯದು, ಐದನೆಯದು. ಬೇರೆ ಯಾರೂ ದನಿ ಕೂಡಿಸಲಿಲ್ಲ. ಅವಳು ಆ ಬೆನ್ನನ್ನೇ ನೋಡುತ್ತ ಹತ್ತನ್ನೂ ಹೇಳಿದಳು.

ದೀಪ ಆರಿ ಮತ್ತೆ ಹತ್ತಿದಾಗ ಫಿಡೆಲ್ಮಾ ಕಣ್ಣೊರೆಸಿಕೊಳ್ಳುತ್ತ ಬಂದಳು. “ಆ ಮುದುಕರನ್ನ ಹಿಂದಿನ ಸಾಲಲ್ಲಿ ಕೂರಿಸಿದ್ದೀರಲ್ಲ, ಎಂಥಾ ಉಪಾಯ ರೀ! ಎಲ್ಲಿ ಹುಡುಕಿದ್ರಿ ಅವರನ್ನ?”

“ಅವರು ನಾಟಕದವರಲ್ಲ. ನಮ್ಮ ಪಕ್ಕದವರು. ಮರೆತು ಹೇಳಿಬಿಟ್ರು.”

“ಹಾಗಾದ್ರೆ ಸೇರಿಸ್ಕೊಳ್ಳಿ. ಅವರು ಬಂದ್ರೆ ನಾಟಕ ಉತ್ಸವಕ್ಕೆ ಬರತ್ತೆ.”

“ಬರದಿದ್ರೆ?”

“ಬರೀ ಮೌನ ಆದ್ರೆ... ಅಂಥದ್ದು ತುಂಬಾ ನೋಡಿದೀನಮ್ಮ,” ಎಂದಳು ಫಿಡೆಲ್ಮಾ. ಕೆಟ್ಟ ಮನಸ್ಸಿನವಳಲ್ಲ, ಇದ್ದದ್ದನ್ನು ಹೇಳಿದಳು.

ಮ್ಯಾಲಕಿ ಬಾಗಿಲ ಬಳಿ ಟೋಪಿ ತಿರುವುತ್ತ ನಿಂತಿದ್ದ.

“ಜೋರಾಗೇ ಹೇಳ್ಬಿಟ್ನೇನೇ ಹುಡುಗಿ? ನಿನ್ನ ಆಟ ಹಾಳ್ಮಾಡ್ಬಿಟ್ಟೆ.”

“ಏನೂ ಹಾಳಾಗ್ಲಿಲ್ಲ ಬಿಡಿ.”

“ರೋಸ್ ಎತ್ತಿಕೊಡ್ತಿದ್ಲು. ನಾನು ಜನ್ಮದಲ್ಲಿ ಎತ್ತಿಕೊಟ್ಟೋನಲ್ಲ. ಈಗ ಸಂಜೆ ಆಯ್ತು ಅಂದ್ರೆ ಮಂಡಿಯೂರ್ತೀನಿ, ಯಾರೂ ಶುರು ಮಾಡೋದಿಲ್ಲ. ಒಂದಷ್ಟು ಹೊತ್ತು ಇದ್ದು ಎದ್ದುಬಿಡ್ತೀನಿ. ಇಲ್ಲಿ ನಿನ್ನ ದನಿ ಕೇಳ್ತಲ್ಲ... ಮನೇಲೇ ಇದೀನಿ ಅಂದ್ಕೊಂಡೆ.”

“ಪಟ್ಟಣದಲ್ಲಿ ಉತ್ಸವಕ್ಕೆ ಕರೀತಿದಾರೆ. ನೀವೂ ಬಂದು ಹೀಗೇ ಹೇಳ್ಬೇಕಂತೆ.”

“ಬೇಡಮ್ಮ. ಟಿಕೆಟ್ ತಗೊಂಡೋರ ಮುಂದೆ, ದಿನಾ, ಬೇಕಂತ್ಲೇ ಹೇಳೋದಾ? ರೋಸ್ ಕೇಳಿದ್ರೆ ನಕ್ಕಾಳು.”

ಆ ಊರಲ್ಲಿ ಮೊದಲ ಬೇಡಕ್ಕೆ ಬೆಲೆಯಿಲ್ಲ. ಚಹಾ ಕೊಟ್ಟರೂ ಎರಡು ಸಲ ಬೇಡವೆಂದು, ಮೂರನೆಯ ಸಲ ಕೇಳಿದಾಗ ಬಟ್ಟಲಿಗೆ ಕೈ ಚಾಚುತ್ತಾರೆ. ಇನ್ನೆರಡು ಸಲ ಕೇಳಿದರೆ ಈ ಮುದುಕ ಬಂದೇ ಬರುತ್ತಾನೆಂದು ಅಟ್ರಾಕ್ಟಾಳಿಗೆ ಗೊತ್ತಿತ್ತು. ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ತನ್ನ ಸರದಿಗೆ ಕಾದು ಹೇಳುತ್ತಾನೆ. ಆಮೇಲೆ ಅದು ಅವನ ಜಪವಾಗಿ ಉಳಿಯುವುದಿಲ್ಲ.

ಅವಳು ಎರಡನೆಯ ಸಲ ಕೇಳಲಿಲ್ಲ. ದೂರದಲ್ಲಿ ಕಾದಿದ್ದ ಫಿಡೆಲ್ಮಾಳತ್ತ ನೋಡಿ ಇಲ್ಲವೆಂದು ತಲೆಯಾಡಿಸಿದಳು.

“ನಾನು ಮನೇಲಿ ಏಳು ಗಂಟೆಗೆ ಜಪ ಶುರು ಮಾಡ್ತೀನಿ,” ಎಂದಳು ಮುದುಕನಿಗೆ. “ಬನ್ನಿ.”

“ನಿನಗ್ಯಾಕಮ್ಮ ತೊಂದ್ರೆ.”

“ತೊಂದ್ರೆ ಏನು ಬಂತು? ಬನ್ನಿ.”

“ಇಲ್ಲ ಇಲ್ಲ, ಬೇಡ.”

ಮೂರನೆಯ ಸಲ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಕಾರಿನ ಹಾರನ್ ಕೂಗಿತು. ಅವನನ್ನು ಮನೆಗೆ ಬಿಡಲು ಜಾರ್ಲಥ್ ಕಾದಿದ್ದ. ಮ್ಯಾಲಕಿ ಟೋಪಿ ಹಾಕಿಕೊಂಡು ಹೊರಟುಹೋದ.

ಮರುದಿನ ಏಳು ಗಂಟೆಗೆ ಅಟ್ರಾಕ್ಟಾ ಕುರ್ಚಿಯೆದುರು ಮಂಡಿಯೂರಿದಳು. ತನ್ನ ಅರ್ಧ ಹೇಳಿದಳು. ಗಡಿಯಾರ ತನ್ನ ಪಾಡಿಗೆ ನಡೆಯುತ್ತಿತ್ತು. ಎದ್ದಳು, ಕೋಟು ತೊಟ್ಟಳು, ಟಾರ್ಚು ಹಿಡಿದು ಹಿತ್ತಿಲಿನಿಂದ ಹೊಲಕ್ಕಿಳಿದಳು. ಹುಲ್ಲಿನ ನೀರು ಕಾಲುಚೀಲಕ್ಕೆ ಇಳಿಯಿತು. ಎರಡನೆಯ ಹೊಲದ ಕಲ್ಲುಗೋಡೆ ದಾಟಿದಾಗ ಮ್ಯಾಲಕಿಯ ಅಡುಗೆಮನೆಯ ಕಿಟಕಿ ಕಂಡಿತು, ಚೂರು ತೆರೆದಿತ್ತು. ಒಳಗೆ ಅವನು ಕುರ್ಚಿಗೆ ಮೊಣಕೈ ಊರಿ, ಇವಳಿಗೆ ಬೆನ್ನಾಗಿ ಮಂಡಿಯೂರಿದ್ದ. ಸದ್ದಿಲ್ಲ. ಶುರುವಾಗಲೆಂದು ಕಾದವನಂತೆ ಸ್ವಲ್ಪ ತಲೆ ಬಾಗಿಸಿದ್ದ.

ಬಾಗಿಲು ತಟ್ಟಲು ಎತ್ತಿದ ಕೈಯನ್ನು ಅವಳು ಇಳಿಸಿದಳು. ಟಾರ್ಚು ಆರಿಸಿ, ಕಿಟಕಿಯ ಹತ್ತಿರ ಬಾಗಿ, ‘ನಮೋ ಮರಿಯಾ’ ಎಂದು ತನ್ನ ಅರ್ಧವನ್ನು ಎತ್ತಿಕೊಟ್ಟಳು.

ಕಾದಳು.