ಯಾರನ್ನು ವಿಚಾರಿಸಿದಿರಿ?

ಹಾರೋಹಳ್ಳಿಯ ಆ ಗಾರ್ಮೆಂಟ್ಸಿಗೆ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಹಾಜರಿ ಹಾಕುವುದು, ಸಂಬಳ ಲೆಕ್ಕ ಹಾಕುವುದು, ಬಹಳ ದಿನ ಬಾರದವರ ಹೆಸರು ಕಿತ್ತುಹಾಕುವುದು ಎಲ್ಲಾ ಕಂಪ್ಯೂಟರಿನ ಪಾಲಾಯಿತು. ಮೊದಮೊದಲು ಅದು ಯಾರನ್ನೂ ಒಂದು ಮಾತು ಕೇಳುತ್ತಿರಲಿಲ್ಲ. ಹೆತ್ತ ತಾಯಿಯ ತಿಥಿ ಮುಗಿಸಿಕೊಂಡು ಬಂದವಳ ಹೆಸರನ್ನೂ ತೆಗೆದು ತಣ್ಣಗೆ ಕೂತಿತ್ತು, ಪುಣ್ಯಾತ್ಮ! ಗೇಟಿನ ಮುಂದೆ ದೊಡ್ಡ ಗಲಾಟೆಯೇ ಆಯಿತು. ಆಗ ಮ್ಯಾನೇಜರ್ ಅನಂತರಾಜು ಒಂದು ಏರ್ಪಾಡು ಮಾಡಿಸಿದರು. ಹೆಸರು ತೆಗೆಯುವ ಮೊದಲು ಕಂಪ್ಯೂಟರ್ ನಿಲ್ಲಬೇಕು, ಮನುಷ್ಯರೊಬ್ಬರನ್ನು ಕೇಳಬೇಕು. ಹಾಗೆ ಕೇಳಿಸಿಕೊಳ್ಳಲು ನೇಮಕವಾದವಳು ಮಾಗಡಿಯ ರಾಧಾಮಣಿ.

ಗಾಜಿನ ಕೋಣೆಯಲ್ಲಿ ಅವಳೊಬ್ಬಳೇ. ಪರದೆಯ ಮೇಲೆ ಒಂದು ಹೆಸರು ಬಂದು ನಿಲ್ಲುವುದು. ತೆಗೆಯಬಹುದೇ? ಹೌದು ಅಥವಾ ಬೇಡ. ಕೆಳಗೆ ಎರಡು ಖಾನೆ: ಕಾರಣವೇನು, ಯಾರನ್ನು ವಿಚಾರಿಸಿದಿರಿ. ಎರಡನ್ನೂ ತುಂಬದೆ ಅದು ಜಪ್ಪಯ್ಯ ಅಂದರೂ ಅಲ್ಲಾಡದು. ಬೇರೆಯವರಾಗಿದ್ದರೆ ಯಾರದೋ ಹೆಸರು ಕುಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ರಾಧಾಮಣಿ ಹೊಲಿಗೆ ಲೈನಿಗೇ ಹೋಗಿ, ಬಾರದವಳ ಊರಿನವರನ್ನು ಹುಡುಕಿ ವಿಚಾರಿಸಿಯೇ ಬರುವಳು.

ದೊಡ್ಡಆಲಹಳ್ಳಿಯ ಕಾವೇರಮ್ಮ ಅತ್ತೆ ತೀರಿಕೊಂಡು ಸೂತಕದಲ್ಲಿದ್ದಾಗ ಹಾಗೆ ವಿಚಾರಿಸಿ 'ಬೇಡ' ಒತ್ತಿದವಳು ಇವಳೇ. ಕಾವೇರಮ್ಮನಿಗೆ ಅದು ಗೊತ್ತಾಗುವುದಾದರೂ ಹೇಗೆ? ಉಳಿದ ಹೆಸರಿನ ಬಗ್ಗೆ ಯಾರು ಮಾತಾಡುತ್ತಾರೆ? ಹೋದ ಹೆಸರಿನದೇ ಊರೆಲ್ಲ ಸುದ್ದಿ. ರಾಧಾಮಣಿ ಲೈನಿನತ್ತ ಕಾಲಿಟ್ಟರೆ ಸಾಕು, "ಬಂದ್ಲು ಕಣ್ರೇ ಕಂಪ್ಯೂಟ್ರಮ್ಮ, ಇವತ್ಯಾರ್ ಅನ್ನಕ್ ಕಲ್ಲಾಕ್ತಾಳೋ!" ಎಂದು ಪಿಸುಗುಟ್ಟಿ ಎಲ್ಲರೂ ತಲೆ ತಗ್ಗಿಸುವರು. ಊಟದ ಹೊತ್ತಿಗೆ ಅವಳು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದ ಸದ್ದು ಅವಳಿಗೇ ಜೋರಾಗಿ ಕೇಳುತ್ತಿತ್ತು.

ಆ ವರ್ಷ ಚಿಕೂನ್‌ಗುನ್ಯಾ ಊರಿಗೆ ಊರನ್ನೇ ಮಲಗಿಸಿತು. ರಾಧಾಮಣಿಯೂ ಬಾಡಿಗೆ ಕೋಣೆಯಲ್ಲಿ ಕೀಲುಕೀಲು ಹಿಡಿದು ಬಿದ್ದುಕೊಂಡಳು. ಆಫೀಸಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಗಂಡ ಸತ್ತ ಮೇಲೆ ಇವಳಿಗೆ ಅಂತ ಇದ್ದವನು ಮಾಗಡಿಯ ಅಣ್ಣ. ಅವನು "ಗಂಜಿ ಕುಡ್ಕಂಡು ಮನೀಕೋ, ಸರಿಹೋಯ್ತದೆ" ಎಂದು ಫೋನಿಟ್ಟ. ಕಾರ್ಖಾನೆಯಿಂದ ಒಬ್ಬರಾದರೂ ಬಂದು ಬಾಗಿಲು ತಟ್ಟಿಯಾರು ಎಂದು ಅವಳು ಕಾದದ್ದೇ ಕಾದದ್ದು. ತಟ್ಟಿದ್ದು ಹಾಲಿನವನು, ಅದೂ ಪಕ್ಕದ ಮನೆಯ ಬಾಗಿಲು.

ಕುಂಟುತ್ತಾ ಕೆಲಸಕ್ಕೆ ಹೋದ ದಿನ ಅನಂತರಾಜು ಎದುರಾದರು. "ಎಷ್ಟೊಂದು ಪೆಂಡಿಂಗ್ ಬಿದ್ದಿದೆ ನೋಡಿ," ಅಂದರು, ಅಷ್ಟೇ. ರಾಧಾಮಣಿ ಕೂತು ಕಂಪ್ಯೂಟರ್ ತೆರೆದಳು. ಮೊದಲ ಹೆಸರು ಬಂದು ನಿಂತಿತು. ರಾಧಾಮಣಿ. ಬಹಳ ದಿನದಿಂದ ಹಾಜರಿಲ್ಲ. ತೆಗೆಯಬಹುದೇ?

ಅವಳಿಗೆ ನಗು ಬಂತು. ಅವಳನ್ನೇ ಕಿತ್ತುಹಾಕಲೇ ಎಂದು ಅವಳನ್ನೇ ಕೇಳಲು ಕಾದು ನಿಂತಿದೆಯಲ್ಲ, ಎಂಥ ಪೆದ್ದು! ಆಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದಳು. ಇಷ್ಟು ದಿನ ಅವಳು ಯಾಕೆ ಬರಲಿಲ್ಲವೆಂದು ಕೇಳಿದ್ದು ಇದೊಂದೇ.

'ಬೇಡ' ಒತ್ತಿದಳು. ಕಾರಣ: ಜ್ವರ. ಯಾರನ್ನು ವಿಚಾರಿಸಿದಿರಿ? ಅಲ್ಲಿ ಬೆರಳು ನಿಂತಿತು. ತನ್ನದೇ ಹೆಸರು ಬರೆದರೆ ಯಾರೂ ಕೇಳುವವರಿರಲಿಲ್ಲ. ಆದರೆ ಎಲ್ಲರ ಹೆಸರಿಗೂ ಒಬ್ಬರಿದ್ದರು, ತನ್ನ ಹೆಸರಿಗೂ ಒಬ್ಬರು ಇರಲಿ ಎಂದು ಅವಳಿಗೆ ತುಂಬಾ ಆಸೆಯಾಯಿತು. ಎದ್ದು ಲೈನಿಗೆ ಹೋದಳು. ಮೊದಲ ಮಿಷನ್ನಿನಲ್ಲಿ ಕಾವೇರಮ್ಮ ಕಾಲರ್ ಹೊಲಿಯುತ್ತಿದ್ದಳು.

"ಕಾವೇರಮ್ಮ, ರಾಧಾಮಣಿ ಅಂತ ಒಬ್ಳು ಬಾಳ ದಿನದಿಂದ ಬಂದಿಲ್ಲ. ಯಾಕೆ ಅಂತ ನಿಂಗೇನಾರ ಗೊತ್ತಾ?"

"ರಾಧಾಮಣಿನಾ? ಯಾವ್ ಲೈನ್ನೋಳು ಮೇಡಂ?"

ರಾಧಾಮಣಿ ಅವಳ ಮುಖವನ್ನೇ ನೋಡಿದಳು. ಕಾವೇರಮ್ಮ ನಾಟಕ ಮಾಡುತ್ತಿರಲಿಲ್ಲ. ಪಾಪ, ಕಂಪ್ಯೂಟ್ರಮ್ಮನ ಹೆಸರೇನೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಇಲ್ಲೇ, ಒಳಗಡೆ ಕೆಲ್ಸ."

"ನಾ ಕಾಣೆ ಮೇಡಂ."

"ಹೋಗ್ಲಿ ಬುಡು," ಎಂದು ರಾಧಾಮಣಿ ತಿರುಗಿದಳು. ಮಂಡಿ ನೋಯುತ್ತಿತ್ತು.

ಹಿಂದಿನಿಂದ ಮಿಷನ್ ಸದ್ದು ನಿಂತಿತು. "ಮೇಡಂ," ಕಾವೇರಮ್ಮ ಎದ್ದು ನಿಂತಿದ್ದಳು. ಕಂಪ್ಯೂಟ್ರಮ್ಮನ ಎದುರು ಹಾಗೆ ಯಾರೂ ಮಾತಾಡಿದ್ದಿಲ್ಲ. "ಅವಳ ಹೆಸ್ರು ತಗ್ದ್‌ಬುಡ್ಬ್ಯಾಡಿ. ನೋಡ್ಕಳೋರಿಲ್ದೆ ಒಬ್ಳೇ ಬಿದ್ಕಂಡವ್ಳೋ ಏನೋ, ಯಾರ್ ಕಂಡೋರು? ಒಸಿ ದಿನ ನೋಡಿ, ನಿಮ್ ದಮ್ಮಯ್ಯ."

ನಾನೇ ಕಣೇ ಆ ರಾಧಾಮಣಿ ಎನ್ನಲು ಬಾಯಿ ಬರಲಿಲ್ಲ. "ಆಯ್ತು, ತೆಗೆಯಲ್ಲ," ಎಂದಷ್ಟೇ ಹೇಳಿ ಬಂದಳು.

ಪರದೆ ಇನ್ನೂ ಕಾಯುತ್ತಲೇ ಇತ್ತು. ಯಾರನ್ನು ವಿಚಾರಿಸಿದಿರಿ? ರಾಧಾಮಣಿ ಕಣ್ಣೊರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಕಾವೇರಮ್ಮ, ದೊಡ್ಡಆಲಹಳ್ಳಿ.