ಒತ್ತೇ ಹೆಬ್ಬೆಟ್ಟು

“ಮಾರಿ ಎತ್ತೇ, ಬೋಸುಡಿ! ಮಿಷನ್ನು ನಿನ್ ಮಾರಿ ನೋಡ್ಬೇಕೋ, ನೆತ್ತಿ ನೋಡ್ಬೇಕೋ?”

ಮಿಲ್ಲಿನ ಮೇಸ್ತ್ರಿ ಗಂಗರಾಜು ಕ್ಯಾತಮ್ಮನ ಗದ್ದಕ್ಕೆ ಕೈ ಹಾಕಿ ಮುಖ ಮೇಲೆತ್ತಿದ. ಗೇಟಿನ ಗೋಡೆಗೆ ಕೂರಿಸಿದ್ದ ಅಂಗೈಯಗಲದ ಡಬ್ಬಿ ಮೂರನೇ ಸಲ ಕೆಂಪು ದೀಪ ಮಿಟುಕಿಸಿತು. ಅವಳ ಹಿಂದೆ ಅರವತ್ತು ಹೆಂಗಸರು ಬುತ್ತಿಗಂಟು ಹಿಡಿದು ಸಾಲಾಗಿ ನಿಂತಿದ್ದರು. ಮುಂದಿನವಳ ಮುಖಕ್ಕೆ ಹಸಿರು ದೀಪ ಬರುವ ತನಕ ಹಿಂದಿನವಳು ಹೆಜ್ಜೆ ಕದಲಿಸುವಂತಿರಲಿಲ್ಲ. ಒಂಬತ್ತು ದಾಟಿದರೆ ಅರ್ಧ ದಿನದ ಹಾಜರಿ ಹೋಯಿತು.

“ತಲೆ ಮ್ಯಾಲಿನ ಸೆರಗು ತೆಗಿ.”

“ಬಿಸ್ಲು ಕಣ್ ಮೇಸ್ತ್ರಿ.”

“ತೆಗಿಯೇ ಅಂದ್ರೆ! ದೊಡ್ಡ ಗರತಿ ಬಂದ್ಲಿಲ್ಲಿ.”

ಕ್ಯಾತಮ್ಮ ಸೆರಗು ತೆಗೆದು, ಅದರಿಂದಲೇ ಮುಖದ ಧೂಳು ಒರೆಸಿಕೊಂಡು ಡಬ್ಬಿಯ ಮುಂದೆ ನಿಂತಳು. ಹದಿನಾಲ್ಕು ವರ್ಷದಿಂದ ಇದೇ ಗೇಟಿನಲ್ಲಿ ಬಂದು ಹೋಗುವ ಮುಖ ಅದು. ಗಂಗರಾಜು ಗುರುತು ಹಿಡಿಯುತ್ತಿದ್ದ, ಗೇಟಿನಲ್ಲಿ ಮಲಗುವ ಕುಂಟ ನಾಯಿಯೂ ಬಾಲ ಅಲ್ಲಾಡಿಸಿ ಗುರುತು ಹಿಡಿಯುತ್ತಿತ್ತು. ಗೋಡೆಯ ಮೇಲಿನ ಡಬ್ಬಿಗೆ ಮಾತ್ರ ದಿನಾ ಬೆಳಗಾದರೆ ಅನುಮಾನ. ನಾಲ್ಕನೇ ಸಲಕ್ಕೆ ಅಂತೂ ಹಸಿರು ದೀಪ ಬಂತು.

ಒಳಗೆ ಕಾಲಿಡುವಷ್ಟರಲ್ಲಿ ಗಂಗರಾಜು ಅಡ್ಡ ನಿಂತ. ಅವಳ ಸೊಂಟದಲ್ಲಿದ್ದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ, ಅದರಲ್ಲಿದ್ದ ಫೋನು ಕಿತ್ತುಕೊಂಡ.

“ಇವತ್ತು ಕಾಯಿ ಸುಲಿಯೋದು ಬ್ಯಾಡ. ಸಾವ್ಕಾರ್ರು ಕರೀತಾವ್ರೆ, ನಡಿ ಆಫೀಸಿಗೆ.”

ಯಾಕೆ ಕರೆದಿದ್ದಾರೆ ಎನ್ನುವುದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೂರನೆಯವಳಾಗಿ ನಿಂತಿದ್ದ ಆಶಾಳ ಮುಖ ಬಿಳಿಚಿಕೊಂಡಿತು. ಕ್ಯಾತಮ್ಮ ಅವಳ ಕಡೆ ನೋಡದೆ ನಡೆದಳು. ನೋಡಿದ್ದರೆ ಗಂಗರಾಜುವೂ ಆ ಕಡೆಗೇ ನೋಡುತ್ತಿದ್ದ.

ಚಳ್ಳಕೆರೆಯ ಆ ಎಣ್ಣೆ ಮಿಲ್ಲಿನಲ್ಲಿ ಕ್ಯಾತಮ್ಮನ ಕೆಲಸ ಬಿತ್ತನೆಯ ಶೇಂಗಾ ಸುಲಿಯುವುದು. ಎಣ್ಣೆಗೆ ಹೋಗುವ ಕಾಯಿಯನ್ನು ಯಂತ್ರ ಒಡೆಯುತ್ತದೆ, ನಾಲ್ಕು ಬೀಜ ಸೀಳಿದರೆ ಯಾರ ಗಂಟೂ ಹೋಗುವುದಿಲ್ಲ. ಬಿತ್ತನೆಗೆ ಹಾಗಲ್ಲ, ಬೀಜದ ಮೂತಿ ಮುಕ್ಕಾದರೆ ಮೊಳಕೆಯೇ ಇಲ್ಲ. ಅದಕ್ಕೆ ಹೆಂಗಸರ ಕೈಯೇ ಆಗಬೇಕು. ಕಾಯಿಯನ್ನು ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಹಿಡಿದು ಚಟ್ಟೆಂದು ಒತ್ತಬೇಕು. ಬೆಳಗಿನಿಂದ ಸಂಜೆಯವರೆಗೆ ಒತ್ತಿ, ವರ್ಷಗಟ್ಟಲೆ ಒತ್ತಿ, ಅವಳ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿ ಚರ್ಮ ಗಾಜಿನ ಹಾಗೆ ನುಣ್ಣಗಾಗಿತ್ತು. ರೇಷನ್ ಅಂಗಡಿಯಲ್ಲಿ ಬೆರಳು ಬಾರದೆ ಎಷ್ಟೋ ಸಲ ಬರಿಗೈಲಿ ತನ್ನೂರು ಗೌರಸಮುದ್ರಕ್ಕೆ ವಾಪಸ್ಸಾಗಿದ್ದಾಳೆ. ಮಿಲ್ಲಿನಲ್ಲೂ ಮೊದಲು ಬಂದದ್ದು ಬೆರಳಿನ ಮಿಷನ್ನೇ. ಸುಲಿಯುವ ಹೆಂಗಸರಲ್ಲಿ ಮುಕ್ಕಾಲು ಮಂದಿಯ ಬೆರಳು ಅದಕ್ಕೆ ಹತ್ತಲಿಲ್ಲವೆಂದು ಮುಖದ ಮಿಷನ್ ತಂದು ಕೂರಿಸಿದರು.

ಸಂಜೆ ಹೊರಗೆ ಹೋಗುವಾಗಲೂ ಅದರ ಮುಂದೆಯೇ ನಿಲ್ಲಬೇಕು. ಬೀಜ ಕದ್ದು ಒಯ್ಯುತ್ತಾರೆಂದು ಗಂಗರಾಜು ಒಬ್ಬೊಬ್ಬಳಿಗೂ ಸೆರಗು ಪೂರ್ತಿ ಬಿಚ್ಚಿ ಕೊಡವಿಸುತ್ತಿದ್ದ, ನಿರಿಗೆ ಸಡಿಲ ಮಾಡಿಸುತ್ತಿದ್ದ. ಕೆಲವರಿಗೆ ಕುಬಸದ ಗುಂಡಿಯನ್ನೂ ಬಿಚ್ಚಿಸುತ್ತಿದ್ದ. ಡಬ್ಬಿ ಮುಖವನ್ನಷ್ಟೇ ನೋಡುತ್ತದೆ ಎಂದು ಹೆಂಗಸರು ನಂಬಿದ್ದರು. ಅದು ಎಲ್ಲವನ್ನೂ ನೋಡಿ, ನೋಡಿದ್ದನ್ನೆಲ್ಲ ಇಟ್ಟುಕೊಳ್ಳುತ್ತಿತ್ತು, ಇಟ್ಟುಕೊಂಡದ್ದು ಗಂಗರಾಜುವಿನ ಫೋನಿಗೆ ಹೋಗುತ್ತಿತ್ತು.

ಗೊತ್ತಾದದ್ದು ಆಶಾಳಿಂದ. ಮೊಳಕಾಲ್ಮುರಿನ ಮಗ್ಗದ ಮನೆಯ ಹುಡುಗಿ ಅವಳು, ಚಳ್ಳಕೆರೆಗೆ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಸಂತೆಗೆಂದು ಹತ್ತಿದ ಆಟೋದಲ್ಲಿ ಡ್ರೈವರು ಪಕ್ಕದವನಿಗೆ ಫೋನು ತೋರಿಸಿ ಕಿಸಿಯುತ್ತಿದ್ದ. ಇಣುಕಿದರೆ ಅದರಲ್ಲಿ ಅವಳೇ ಇದ್ದಳು, ಮೈಮೇಲೆ ಸೆರಗಿಲ್ಲದೆ, ಗೇಟಿನ ಮುಂದೆ ಕೈಯೆತ್ತಿ ನಿಂತಿದ್ದಳು. ಮಾರನೇ ದಿನ ಶೇಂಗಾ ರಾಶಿಯ ಹಿಂದೆ ಕ್ಯಾತಮ್ಮನ ತೊಡೆಗೆ ಮುಖ ಒತ್ತಿ ಅತ್ತಳು. ದುಃಖ ಬಂದರೆ ಅವಳಿಗೆ ಮನೆಯ ತೆಲುಗೇ ಬಾಯಿಗೆ ಬರುತ್ತಿತ್ತು.

“ಅಕ್ಕಾ, ನಾ ಫೋಟೋ ವಾಡಿ ಫೋನ್‌ಲೋ ಉಂದಕ್ಕಾ... ಆ ಆಟೋದವನ ಫೋನಾಗೆ ನಾನಿದೀನಕ್ಕಾ. ನನ್ ಗಂಡಂಗೆ ಗೊತ್ತಾದ್ರೆ ನನ್ನ ಕಡದಾಕ್ತಾನೆ.”

ಕ್ಯಾತಮ್ಮನಿಗೆ ಓದು ಬರಹ ಬಾರದು. ಬಾಯಿ ಬರುತ್ತದಲ್ಲ! ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿ ಓದುವ ಮಗಳು ಪುಷ್ಪಾ ರಜೆಗೆ ಬಂದಾಗ ಅವ್ವನಿಗೊಂದು ಫೇಸ್‌ಬುಕ್ ತೆರೆದುಕೊಟ್ಟಿದ್ದಳು. ಆ ಭಾನುವಾರ ಕ್ಯಾತಮ್ಮ ಹಟ್ಟಿ ಬಾಗಿಲಲ್ಲಿ ಕೂತು ಫೋನಿಗೆ ಮುಖ ಕೊಟ್ಟು ಮೂರು ನಿಮಿಷ ಮಾತಾಡಿದಳು. ಮಿಲ್ಲಿನ ಹೆಸರು ಹೇಳಿದಳು, ಮೇಸ್ತ್ರಿಯ ಹೆಸರು ಹೇಳಿದಳು, ಡಬ್ಬಿಯ ಸಂಗತಿ ಹೇಳಿದಳು. ಹೆಂಗಸರಲ್ಲಿ ತನ್ನದೊಂದನ್ನು ಬಿಟ್ಟು ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ. ಎರಡು ದಿನದಲ್ಲಿ ರಾಂಪುರದಿಂದ ಬಳ್ಳಾರಿಯವರೆಗೆ ಜನ ಅದನ್ನು ನೋಡಿದರು.

ಆಮೇಲೆ ಅವಳ ಫೋನಿಗೆ ಬಂದವು ದನಿಗಳು. ಕ್ಯಾತಮ್ಮನಿಗೆ ಬರೆದು ಕಳಿಸಿ ಉಪಯೋಗವಿಲ್ಲವೆಂದು ಹೆಂಗಸರಿಗೆ ಗೊತ್ತಿತ್ತು, ಎಲ್ಲರೂ ಮಾತಾಡಿಯೇ ಕಳಿಸಿದರು. ಹನ್ನೊಂದು ಮಂದಿ, ಆಶಾಳೂ ಸೇರಿ. ಒಬ್ಬಳು ಕೊಟ್ಟಿಗೆಯಲ್ಲಿ ಅವಿತು ಪಿಸುಗುಟ್ಟಿದ್ದಳು, ಹಿಂದೆ ಎಮ್ಮೆ ಮೆಲುಕು ಹಾಕುವ ಸದ್ದಿತ್ತು. ಒಬ್ಬಳು ಮಾತೇ ಆಡದೆ ಬರೀ ಅತ್ತಿದ್ದಳು. ಗಂಗರಾಜು ಎಲ್ಲಿ ಮುಟ್ಟಿದ, ಏನೆಂದ, ಯಾವ ಫೋಟೋ ತೋರಿಸಿ ಯಾವ ರೂಮಿಗೆ ಕರೆದ, ಎಲ್ಲ ಆ ಹನ್ನೊಂದು ದನಿಗಳಲ್ಲಿತ್ತು. ಹನ್ನೊಂದು ಮಂದಿಯೂ ಕೊನೆಗೆ ಹೇಳಿದ್ದು ಒಂದೇ ಮಾತು: ನಮ್ಮ ಹೆಸರು ಹೊರಗೆ ಬರಬಾರದು ಅಕ್ಕಾ. ಪುಷ್ಪಾ ಶನಿವಾರ ವಕೀಲರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದಿದ್ದಳು. ಇವತ್ತು ಗುರುವಾರ, ಫೋನು ಗಂಗರಾಜುವಿನ ಕೈಯಲ್ಲಿತ್ತು.

ಆಫೀಸಿನ ಬಾಗಿಲಲ್ಲಿ ಕ್ಯಾತಮ್ಮ ಚಪ್ಪಲಿ ಬಿಟ್ಟಳು. ಒಳಗೆ ಕಾಲಿಟ್ಟದ್ದು ಅದೇ ಮೊದಲು. ನೆಲಕ್ಕೆ ಕರಿ ಕಲ್ಲು ಹಾಸಿದ್ದರು, ಮುಖ ಕಾಣುವಷ್ಟು ಹೊಳಪು. ಸಾಹುಕಾರ ಶಿವರಾಮ ಆಗಷ್ಟೇ ಪೂಜೆ ಮುಗಿಸಿ, ಹಣೆಯ ಗಂಧ ಇನ್ನೂ ಹಸಿಯಾಗಿರುವಾಗಲೇ ಕುರ್ಚಿಯಲ್ಲಿ ಕೂತಿದ್ದ.

“ಬಾರಮ್ಮ ಬಾ. ಅಲ್ಲೇ, ಅಲ್ಲೇ ನಿಂತ್ಕ,” ಎಂದ. ಅವನ ದನಿ ಬೆಣ್ಣೆಯಂತಿತ್ತು. “ಹದಿನಾಲ್ಕು ವರ್ಷ ಈ ಮಿಲ್ಲಿನ ಅನ್ನ ತಿಂದಿದೀಯ. ನಿಂಗೆ ಏನ್ ಕಡಿಮೆ ಮಾಡಿದ್ವಿ ಅಂತ ಊರ ಮುಂದೆ ನಮ್ ಮಾನ ಕಳದೆ?”

“ಮಾನ ಹೋಗಿದ್ದು ನಮ್ದು ಸಾವ್ಕಾರ್ರೆ.”

“ಎದುರು ಮಾತಾಡ್ತೀಯೇನೇ?” ಎಂದ ಗಂಗರಾಜು.

ಸಾಹುಕಾರ ಕೈ ಎತ್ತಿ ಅವನನ್ನು ಸುಮ್ಮನಾಗಿಸಿ, ಡ್ರಾಯರಿನಿಂದ ಒಂದು ಹಾಳೆ ತೆಗೆದು ಮೇಜಿನ ತುದಿಗೆ ತಳ್ಳಿದ. “ನೋಡು. ಮುಖ, ಕಣ್ಣು, ಫೋಟೋ, ಎಲ್ಲಾನೂ ಮಿಲ್ಲಿನೋರು ಬಳಸ್ಕಬೌದು ಅಂತ ಇದ್ರಾಗೆ ಬರ್ದೈತೆ. ಕೆಳಗೆ ನಿನ್ದೇ ಹೆಬ್ಬೆಟ್ಟು. ಗೇಟಿನಾಗೆ ಬಿದ್ದ ನಿನ್ ಮುಖ ಮಿಲ್ಲಿಂದು. ಕೋರ್ಟಿಗೋದ್ರೂ ಅಷ್ಟೇಯ.”

“ಅವತ್ತು ಓದಿ ಹೇಳಿದ್ರಾ ಇದ್ನ?”

“ಹೆಬ್ಬೆಟ್ಟು ಮುಂಡೆಗೆ ಓದಿ ಬ್ಯಾರೆ ಹೇಳ್ಬೇಕಾ?” ಗಂಗರಾಜು ನಕ್ಕ.

ಹೆಬ್ಬೆಟ್ಟು ಎಂಬ ಬೈಗುಳ ಅವಳಿಗೆ ಹೊಸದಲ್ಲ. ಬ್ಯಾಂಕಿನಲ್ಲಿ, ಪಂಚಾಯ್ತಿಯಲ್ಲಿ, ಬಸ್ಸಿನಲ್ಲಿ ಬೋರ್ಡು ಕೇಳಿದಾಗ, ಎಲ್ಲೆಲ್ಲೂ ಕೇಳಿದ್ದಾಳೆ. ಆದರೂ ಇವತ್ತು ಮೈಯೆಲ್ಲ ಉರಿಯಿತು. ಬಗ್ಗಿ ಹಾಳೆಯನ್ನು ದಿಟ್ಟಿಸಿದಳು. ಅಕ್ಷರ ತಿಳಿಯಲಿಲ್ಲ, ಕೆಳಗಿನ ನೀಲಿ ಮಚ್ಚೆ ಚೆನ್ನಾಗಿ ತಿಳಿಯಿತು.

“ಸಾವ್ಕಾರ್ರೆ, ಇದ್ರಾಗೆ ಗೆರೆ ಎಲ್ಲೈತೆ ತೋರ್ಸ್ರಿ. ಬರೀ ಮಸಿ ಐತೆ. ನನ್ ಬೆಳ್ಳಿನ ಗೆರೆನೆಲ್ಲಾ ನಿಮ್ ಶೇಂಗಾ ತಿಂದೈತಲ್ಲ, ಇದು ನಂದೇ ಅಂತ ಯಾವ ಕೋರ್ಟಿನಾಗೆ ಹೇಳ್ತೀರಿ? ಮುಖ ನಂದು. ನಿಮ್ದಾಗೋದು ಹೆಂಗೆ?”

ಸಾಹುಕಾರ ಹಾಳೆಯನ್ನು ಒಮ್ಮೆ ನೋಡಿ, ಸರಕ್ಕನೆ ಎಳೆದು ಡ್ರಾಯರಿಗೆ ಹಾಕಿದ. ಬೆಣ್ಣೆ ಅಲ್ಲಿಗೆ ಕರಗಿತು.

“ಫೋನ್ ತೆಗಿಸಲೇ ಗಂಗರಾಜು. ಇವಳೊಬ್ಬಳ ತಲೆ ಅಲ್ಲ ಇದು. ಯಾವ್ಯಾವಳು ಇವಳಿಗೆ ಏನೇನು ಊದವ್ಳೆ ನೋಡ್ಬೇಕು. ಒಬ್ಬೊಬ್ಬಳ ಮನೆಗೂ ಹೋಗಿ ಗಂಡಂದ್ರಿಗೇ ಕೇಳುಸ್ತೀನಿ.”

ಕ್ಯಾತಮ್ಮ ಗಂಗರಾಜುವಿನ ಕೈಯಲ್ಲಿದ್ದ ಫೋನು ನೋಡಿದಳು. ಆಶಾಳ ಗಂಡ, ಆಶಾಳ ದನಿ.

“ನಂಬರೇಳೇ!” ಎಂದ ಗಂಗರಾಜು.

“ಮಗಳು ಹಾಕಿರೋದು. ನಂಗೊತ್ತಿಲ್ಲ.”

ಅದು ನಿಜವೇ ಆಗಿತ್ತು. ಗಂಗರಾಜು ಫೋನು ತಿರುಗಿಸಿದ. ಬೆನ್ನ ಮೇಲೆ ಬೆರಳಿಡುವ ಗುಂಡನೆಯ ಗುಳಿ ಕಂಡಿತು. ಅವಳ ಬಲಗೈ ಹಿಡಿದೆಳೆದ. “ಒತ್ತೇ ಹೆಬ್ಬೆಟ್ಟು!” ಎಂದು ತಾನೇ ಒತ್ತಿಸಿದ. ಫೋನು ಗುರ್ರೆಂದಿತು. ತೋರುಬೆರಳು ಒತ್ತಿಸಿದ, ಗುರ್ರೆಂದಿತು. ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಅರ್ಧ ನಿಮಿಷ ತಡಿ ಎಂದು ಫೋನು ತಾನೇ ಬಾಗಿಲು ಹಾಕಿಕೊಂಡಿತು. ಗಂಗರಾಜು ಉಗುಳು ಹಚ್ಚಿ ಅವಳ ಬೆರಳು ತಿಕ್ಕಿ, ಎಡಗೈಗೆ ಬಂದ. ಎಲ್ಲ ಬೆರಳೂ ಮುಗಿದಾಗ ಅವನ ಹಣೆಯಲ್ಲಿ ಬೆವರಿತ್ತು. ಹೆಬ್ಬೆಟ್ಟಿನವಳು ಎಂದು ಹಂಗಿಸಿದವನೇ ಹೆಬ್ಬೆಟ್ಟಿಗಾಗಿ ಹೀಗೆ ಒದ್ದಾಡುವುದನ್ನು ನೋಡಿ ಕ್ಯಾತಮ್ಮನಿಗೆ ಆ ಸಂಕಟದಲ್ಲೂ ನಗು ತಡೆಯಲಾಗಲಿಲ್ಲ.

ಗಂಗರಾಜು ಕೆನ್ನೆಗೆ ಬಾರಿಸಿದ. ಕಿವಿ ಗುಂಯ್‌ಗುಟ್ಟಿತು.

“ಬಿಡಲೇ ಅತ್ಲಾಗೆ,” ಎಂದ ಸಾಹುಕಾರ. “ಬಸ್ ಸ್ಟ್ಯಾಂಡಿನ ಹತ್ರ ಫೋನ್ ರಿಪೇರಿಯೋನು ಇಲ್ವಾ, ಎಂಥಾ ಲಾಕಾದ್ರೂ ತೆಗೀತಾನೆ. ಮಧ್ಯಾಹ್ನದೊತ್ತಿಗೆ ತೆಗ್ದು ಕೊಡ್ತಾನೆ. ತಗಂಡೋಗು.”

ಗಂಗರಾಜು ಬಾಗಿಲ ಕಡೆ ತಿರುಗಿದ. ಫೋನು ಆ ಬಾಗಿಲು ದಾಟಿದರೆ ಹನ್ನೊಂದು ಮನೆಗಳಲ್ಲಿ ಸಂಜೆಗೆ ಏನಾಗುತ್ತದೆಂಬುದು ಕ್ಯಾತಮ್ಮನ ಕಣ್ಣಿಗೆ ಕಟ್ಟಿತು. ಕಿತ್ತುಕೊಳ್ಳೋಣವೆಂದರೆ ಅವನು ಅವಳಿಗಿಂತ ಗೇಣು ಎತ್ತರದ ಗಟ್ಟಿ ಗಂಡಸು.

“ಬ್ಯಾಡ್ರಿ ಸಾವ್ಕಾರ್ರೆ,” ಎಂದಳು. ದನಿ ತಗ್ಗಿಸಿದಳು. “ಅಂಗಡಿಗೆ ಯಾಕೆ? ನಾನೇ ತೆಗೀತೀನಿ. ಕೈ ಬೆಳ್ಳಿಗೆ ತೆಗಿಯಲ್ಲ ಅದು.”

“ಮತ್ತೆ?”

“ಕಾಲಿಂದು. ಬಲಗಾಲಿನ ಹೆಬ್ಬೆಟ್ಟು.”

ಇಬ್ಬರೂ ಅವಳ ಕಾಲು ನೋಡಿದರು. ಸುಳ್ಳೇನೂ ಹೇಳಿರಲಿಲ್ಲ ಕ್ಯಾತಮ್ಮ. ಅವ್ವನ ಹತ್ತೂ ಬೆರಳು ಒತ್ತಿಸಿ ಸೋತ ಪುಷ್ಪಾ, ಗೆರೆ ಇರೋ ಬೆರಳು ಇನ್ನೆಲ್ಲವ್ವ ಐತೆ ನಿಂಗೆ ಎಂದು ಕೊನೆಗೆ ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ತಾಯಿ ಮಗಳು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಫೋನ್ ಎಲ್ಲಾದ್ರೂ ಬಿದ್ದು ಒಡದೋದ್ರೆ ಎಂದು ಕ್ಯಾತಮ್ಮ ಕೇಳಿದ್ದಳು. ಒಡದ್ರೆ ಫೋನ್ ಹೋಗ್ತದೆ ಅಷ್ಟೆ, ಒಳಗಿನ ಮಾತೆಲ್ಲಾ ಬ್ಯಾರೆ ಕಡೆ ಇರ್ತದೆ, ಅದರ ಬೀಗ ನನ್ ತಲೆಯಾಗೈತೆ ಎಂದಿದ್ದಳು ಪುಷ್ಪಾ.

“ಹಿಡ್ಕಳ್ರಿ ಮೇಸ್ತ್ರಿ,” ಎಂದು ಕ್ಯಾತಮ್ಮ ಬಲಗಾಲನ್ನು ತುಸು ಮುಂದಿಟ್ಟಳು. ಹೊಟ್ಟಿನ ಧೂಳು ಮೆತ್ತಿದ, ಹಿಮ್ಮಡಿ ಸೀಳಿದ ಕಾಲು.

ಗಂಗರಾಜು ಬಗ್ಗಲು ಹೋಗಿ ಅರ್ಧಕ್ಕೇ ನಿಂತ. ಗದ್ದಕ್ಕೆ ಕೈ ಹಾಕಿದ್ದ, ಹತ್ತೂ ಬೆರಳು ಹಿಡಿದು ಉಗುಳು ಹಚ್ಚಿ ತಿಕ್ಕಿದ್ದ, ಕೆನ್ನೆಗೆ ಹೊಡೆದಿದ್ದ. ಕಾಲು ಎಂದಾಗ ಮಾತ್ರ ಅವನಿಗೆ ಜಾತಿ ನೆನಪಾಯಿತು. ಸಾಹುಕಾರನ ಮುಖ ನೋಡಿದ.

“ಥೂ! ಆ ಕಾಲೋನಿಯೋಳ ಕಾಲು ಹಿಡಿತೀಯೇನ್ಲೇ ನನ್ ಕಣ್ ಮುಂದೆ?” ಸಾಹುಕಾರ ಸಿಡುಕಿದ. “ನೆಲದ ಮ್ಯಾಲಿಡು. ಅವಳೇ ಒತ್ತಲಿ.”

ಗಂಗರಾಜು ಫೋನನ್ನು ಬೆನ್ನು ಮೇಲಾಗಿ ಕರಿ ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

“ಒತ್ತೇ!”

ಕ್ಯಾತಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದಳು. ಕಾಲೆತ್ತಿದಳು. ಹದಿನಾಲ್ಕು ವರ್ಷ ಶೇಂಗಾ ರಾಶಿ ತುಳಿದು ಕಲ್ಲಾಗಿದ್ದ ಹಿಮ್ಮಡಿಯನ್ನು ಮೈಯ ಭಾರವನ್ನೆಲ್ಲ ಹಾಕಿ ಫೋನಿನ ನಡು ಮಧ್ಯಕ್ಕೆ ಇಳಿಸಿದಳು. ಕಟಕ್ಕೆಂದಿತು. ಗಂಗರಾಜುವಿಗೆ ಅರ್ಥವಾಗುವಷ್ಟರಲ್ಲಿ ಇನ್ನೊಮ್ಮೆ. ಮತ್ತೊಮ್ಮೆ, ಇದು ಗದ್ದಕ್ಕೆ. ಮತ್ತೊಮ್ಮೆ, ಇದು ಆಶಾಳ ಸೆರಗಿಗೆ. ಗಾಜು ಪುಡಿಯಾಗಿ ಹಿಮ್ಮಡಿಯ ಸೀಳಿಗೆ ಹೊಕ್ಕಿತು. ಫೋನು ಬಾಗಿ ಬಾಯಿ ಬಿಟ್ಟಿತು. ಹೊಳೆಯುವ ಕಲ್ಲಿನ ಮೇಲೆ ರಕ್ತ ಹರಿದು ಸಾಹುಕಾರನ ಮೇಜಿನ ಕಡೆ ನಡೆಯಿತು.

“ಏನೇ ಮಾಡ್ದೆ, ಹೆಬ್ಬೆಟ್ಟು ಮುಂಡೆ!” ಸಾಹುಕಾರ ಕುರ್ಚಿಯಿಂದ ಎದ್ದು ನಿಂತಿದ್ದ.

“ಒತ್ತು ಅಂದ್ರಲ್ಲ ಸಾವ್ಕಾರ್ರೆ. ಒತ್ತಿದೀನಿ.”

“ಎತ್ತೇ ಕಾಲು! ಗಂಗರಾಜು, ತಗಳೋ ಅದ್ನ, ತಗಳೋ!”

ಗಂಗರಾಜು ಮುಂದೆ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಒಡೆದ ಫೋನು ಅವಳ ಪಾದದ ಅಡಿಯಲ್ಲಿತ್ತು. ಅದನ್ನು ತೆಗೆಯಬೇಕೆಂದರೆ ಕ್ಯಾತಮ್ಮನ ಕಾಲು ಹಿಡಿಯಬೇಕಿತ್ತು. ಅವನು ಕೈ ಚಾಚಿ, ಹಿಂದೆಗೆದು, ಕತ್ತೆತ್ತಿ ಸಾಹುಕಾರನನ್ನು ನೋಡಿದ.

ಕ್ಯಾತಮ್ಮ ಕಾಲು ಎತ್ತಲಿಲ್ಲ.